ಮುಚ್ಚಳವಿಲ್ಲದ ಚೊಂಬು

ಜಪಾನಿನ ಈ ಫುನಾಬೊರಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲೇ, ಮಹಾಯುದ್ಧದ ಹಡಗಿನಲ್ಲಿ ಕೆಲಸ ಮಾಡಿದವರೊಬ್ಬರಿದ್ದಾರೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ! ಹಮಾದಾ ಸಾನ್‌ಗೆ ತೊಂಬತ್ತನಾಲ್ಕು. ಒಬ್ಬರೇ ಇರುತ್ತಾರೆ, ಮಗಳು ನಗೋಯಾದಲ್ಲಿ.

ಕೊರೊನಾದ ಎರಡನೇ ವಸಂತ, ನನ್ನ ಕಾಲೇಜು ಪೂರ್ತಿ ಲ್ಯಾಪ್‌ಟಾಪಿನೊಳಗೆ. ನಾವು ಕಸವನ್ನು ತಪ್ಪು ದಿನ ಇಟ್ಟಿದ್ದೇವೆ ಎಂದು ಹೇಳಲು ಅವರು ಬಂದು ಬೆಲ್ ಮಾಡಿದರು. ಅಮ್ಮನಿಗೆ ಬರುವ ಜಪಾನೀಸ್ ಎಂದರೆ 'ಸುಮಿಮಾಸೆನ್', ಅಂದರೆ 'ಕ್ಷಮಿಸಿ', ಅದೊಂದೇ. ಅದನ್ನು ಹೇಳಿ, ಬಾಗಿಲಿಗೆ ಬಂದವರಲ್ಲವೇ ಎಂದು ಅಭ್ಯಾಸದಂತೆ ಒಂದು ಚೊಂಬು ನೀರು ಮುಂದೆ ಹಿಡಿದಳು. ನನಗೆ ನಾಚಿಕೆಯಾಗಿ ಹೋಯಿತು. ಇಲ್ಲಿ ಯಾರೂ ಹಾಗೆ ಬರೀ ನೀರು ಕೊಡುವುದಿಲ್ಲ, ಅದೂ ಮಾಸ್ಕಿನ ಕಾಲದಲ್ಲಿ. ಅವರು ಎರಡೂ ಕೈಯಲ್ಲಿ ಚೊಂಬು ತೆಗೆದುಕೊಂಡು, ಮಾಸ್ಕ್ ಇಳಿಸಿ, ನಿಂತಲ್ಲೇ ಅಷ್ಟನ್ನೂ ಕುಡಿದರು.

"ಇಂದೂ, ಪಾಪ ಕಣೇ, ಎಷ್ಟು ಬಾಯಾರಿತ್ತೋ. ನೀನು ಕಸ ಸರಿಯಾಗಿ ಇಟ್ಟಿದ್ರೆ ಅವರಿಗೆ ನೀರೂ ಸಿಗ್ತಿರಲಿಲ್ಲ," ಎಂದಳು ಅಮ್ಮ.

ಆಮೇಲೆ ಅವರು ಕಾರಿಡಾರಿನಲ್ಲಿ ದೂರ ಕೂತು ನನಗೆ ಹೇಳುತ್ತ ಹೋದರು. ಹದಿನೇಳನೇ ವಯಸ್ಸಿಗೆ ಅವರನ್ನು ಸೈನಿಕರನ್ನು ಸಾಗಿಸುವ ಹಡಗಿಗೆ ಸೇರಿಸಿದ್ದರು. ಗುಂಡು ಹಾರಿಸುವ ಕೆಲಸವಲ್ಲ, ಕುಡಿಯುವ ನೀರಿನ ಟ್ಯಾಂಕಿನ ಕಾವಲು. ಟ್ಯಾಂಕಿಗೆ ಬೀಗ. ಹಡಗಿನ ತಳದಲ್ಲಿ, ಸರಕು ತುಂಬುವ ಕಡೆ, ಸೈನಿಕರು ಕಾಲು ಚಾಚಲೂ ಜಾಗವಿಲ್ಲದೆ ಒತ್ತಿಕೊಂಡು ಮಲಗಿರುತ್ತಿದ್ದರು. ಇವರನ್ನು ಕಂಡರೆ ಏಣಿಯ ಬುಡದಿಂದ ಖಾಲಿ ಲೋಟಗಳನ್ನು ಎತ್ತಿ ಹಿಡಿಯುತ್ತಿದ್ದರು. ಅಳತೆ ಮೀರಿ ಕೊಡುವಂತಿರಲಿಲ್ಲ. ದಕ್ಷಿಣದ ಕಡಲಿನಲ್ಲಿ ಟಾರ್ಪಿಡೊ ಬಡಿದಾಗ ಅಷ್ಟೂ ನೀರು ಬೀಗದೊಳಗೇ ಮುಳುಗಿತು. ತೇಲುತ್ತಿದ್ದವರು ನೀರು, ನೀರು ಎನ್ನುತ್ತ ಒಬ್ಬೊಬ್ಬರಾಗಿ ಸುಮ್ಮನಾದರು.

ಯುದ್ಧ ಮುಗಿದ ಮೇಲೆ ಅವರು ಇದೇ ಫುನಾಬೊರಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಒಲೆ ಉರಿಸುತ್ತ ಬದುಕು ಕಳೆದರು. ಪ್ರತಿ ವರ್ಷ ಮೇ ತಿಂಗಳಲ್ಲಿ, ಹಡಗು ಮುಳುಗಿದ ದಿನ, ಬದುಕಿ ಬಂದವರೆಲ್ಲ ಸೇರಿ ಕಡಲಿಗೆ ಸಿಹಿನೀರು ಎರೆಯುತ್ತಿದ್ದರು. ಗುಂಪು ಸಣ್ಣದಾಗುತ್ತ ಬಂತು. ಹೋದ ವರ್ಷ ಯೊಕೊಹಾಮಾದ ಗೆಳೆಯರೊಬ್ಬರು ಉಳಿದಿದ್ದ ಇಬ್ಬರ ಪರವಾಗಿಯೂ ತಾವೇ ಎರೆದು ಫೋನ್ ಮಾಡಿದ್ದರು. ಈ ಚಳಿಗಾಲ ಅವರೂ ತೀರಿಕೊಂಡರು. ಬಸ್ಸು, ರೈಲು ಹತ್ತುವುದಿಲ್ಲ ಎಂದು ಹಮಾದಾ ಸಾನ್‌ರಿಂದ ಮಗಳು ಮಾತು ತೆಗೆದುಕೊಂಡಿದ್ದಾಳೆ. ನಾಳೆಯೇ ಆ ದಿನ. ಅವರು ಹೋಗದಿದ್ದರೆ ಈ ಸಲ ನೀರು ಎರೆಯುವವರೇ ಇಲ್ಲ.

ನಾನು ಹೋಗುತ್ತೇನೆ ಎಂದೆ. ಓಡಿಹೋಗಿ ಮೂಲೆಯ ಕೊಂಬಿನಿ ಅಂಗಡಿಯಿಂದ ಒಳ್ಳೆಯ ನೀರಿನ ಬಾಟಲಿಯನ್ನೂ ತಂದೆ. ಅವರು ಅದರ ಮುಚ್ಚಳವನ್ನೇ ನೋಡುತ್ತ ಕೂತರು.

"ಮುಚ್ಚಿದ್ದು ಬೇಡ, ಇಂದು ಸಾನ್. ನಿಮ್ಮಮ್ಮ ಕೊಟ್ಟರಲ್ಲ, ಆ ಪಾತ್ರೆಯಲ್ಲಿ ತಗೊಂಡು ಹೋಗ್ತೀಯಾ?"

ಹಾಗಾಗಿ ಮಾರನೆಯ ದಿನ ಖಾಲಿ ಬಸ್ಸಿನಲ್ಲಿ, ತುಂಬಿದ ಚೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಬ್ರೇಕ್ ಹಾಕಿದಾಗಲೆಲ್ಲ ಜೀನ್ಸ್ ತೋಯುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿದರು. ಆಮೇಲೆ ತಿರುವುಗಳಲ್ಲಿ ನಿಧಾನ ಮಾಡಿದರು. ಕಡಲತೀರದಲ್ಲಿ ಮರಳಿಗಿಳಿಯುವ ದಾರಿಗೆ ಹಗ್ಗ ಕಟ್ಟಿತ್ತು. ಪಕ್ಕದ ಕಲ್ಲಿನ ದಡದಲ್ಲಿ ನಿಂತು ಅವರಿಗೆ ಫೋನ್ ಹಚ್ಚಿದೆ.

ಅರ್ಧ ಚೆಲ್ಲಿಹೋಯಿತು, ಕ್ಷಮಿಸಿ ಎಂದೆ.

"ಅರ್ಧ ಸಾಕು. ನಿಧಾನವಾಗಿ ಎರಿ, ಕುಡಿಯೋಕಾಗಬೇಕು."

ಎರೆದೆ. ತೆಳ್ಳಗೆ, ಅಮ್ಮ ತುಳಸಿಗೆ ಎರೆಯುವ ಹಾಗೆ. ನೀರಿನ ಮೇಲೆ ಗುರುತೂ ಉಳಿಯಲಿಲ್ಲ. ಆಯಿತು ಎಂದೆ.

"ಅಲ್ಲಿ ಬೇರೆ ಯಾರಾದರೂ ಇದ್ದಾರಾ?"

ಸುತ್ತ ನೋಡಿದೆ. ಹಗ್ಗ, ಮುಚ್ಚಿದ ಅಂಗಡಿ, ಕಡಲು. ಯಾರೂ ಇಲ್ಲ ಎಂದೆ.

"ಹಾಗಾದರೆ ಸ್ವಲ್ಪ ಹೊತ್ತು ನೀನೇ ಇರು. ಮೊದಲೆಲ್ಲ ನೀರು ಎರೆದ ತಕ್ಷಣ ನಾವ್ಯಾರೂ ಎದ್ದು ಬರ್ತಿರಲಿಲ್ಲ."

ಖಾಲಿ ಚೊಂಬನ್ನು ಪಕ್ಕದಲ್ಲಿಟ್ಟು ಕಲ್ಲಿನ ಮೇಲೆ ಕೂತೆ. ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಒಂದು ಬಸ್ಸು ಬಂದು ಹೋಯಿತು, ನಾನು ಏಳಲಿಲ್ಲ.