ಭಾನುವಾರ ರಜೆ ಹಾಕುವ ಸಮುದ್ರ

ಬೊರಿವಲಿಯ ಕಡೆಯಿಂದ ದೋಣಿಯಲ್ಲಿ ಖಾಡಿ ಎನ್ನುವ ಕಡಲ ಹಿನ್ನೀರನ್ನು ದಾಟಿದರೆ ನಮ್ಮ ಹಳ್ಳಿ. ಮುಂಬಯಿಯ ಲೆಕ್ಕದಲ್ಲಿ ನಾವೂ ನಗರವಾಸಿಗಳೇ. ಆದರೆ ಇಲ್ಲಿ ಫೋನಿನಲ್ಲಿ ಮಾತು ಕೇಳಿಸುತ್ತದೆ, ಮುಖ ಕಾಣಿಸುವಷ್ಟು ಸಿಗ್ನಲ್ ಇಲ್ಲ. ಹಾಗಾಗಿ ಕೇಬಲ್‌ನವನ ಇಂಟರ್‌ನೆಟ್ಟೇ ಗತಿ. ಅದು ಮಧ್ಯಾಹ್ನ ತಪ್ಪದೆ ಹೋಗುತ್ತಿತ್ತು.

ಅದರಿಂದ ನನಗೇನೂ ನಷ್ಟವಿರಲಿಲ್ಲ. ಕಷ್ಟವಿದ್ದದ್ದು ಸೊಸೆಗೆ. ಬೆಳಗಾವಿಯವಳು, ಬಾಂದ್ರಾದ ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು, ಮಡಿಲಲ್ಲಿ ಇನ್ನೂ ಹಾಲು ಬಿಡದ ಮಗು. ಮಧ್ಯಾಹ್ನದ ಮೀಟಿಂಗಿನ ನಡುವೆ ಅವಳು ಮತ್ತೆ ಮತ್ತೆ ಮಾಯವಾಗುವುದನ್ನು ಕಂಡು ಒಂದು ಶುಕ್ರವಾರ ಮೇಲಧಿಕಾರಿ ಹೇಳಿದ್ದರು: ಇನ್ನೊಮ್ಮೆ ಹೀಗಾದರೆ ದಿನವೂ ಆಫೀಸಿಗೇ ಬರಬೇಕು. ದೋಣಿ, ರಿಕ್ಷಾ, ಲೋಕಲ್, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಮಗುವನ್ನು ಬಿಟ್ಟಿರಲಾರೆ, ಹಾಗೇನಾದರೂ ಆದರೆ ಕೆಲಸವನ್ನೇ ಬಿಡುತ್ತೇನೆ ಎಂದು ಅವಳು ನಿರ್ಧರಿಸಿದ್ದಳು.

ಕೇಬಲ್‌ನವನನ್ನು ಕೇಳಿದರೆ ಒಂದೇ ಉತ್ತರ: "ಕಾಕಾ, ಭರತಿ ಹೈ. ಖಾಡಿ ಮೇ ಪಾನಿ ಚಢಾ, ಲೈನ್ ಗಯಾ." ಉಬ್ಬರದ ನೀರು ಏರಿದಾಗ ಖಾಡಿಯ ತಳದ ತಂತಿ ಕೈಕೊಡುತ್ತದೆಂದು ಅವನ ವಾದ. ಊರಿಗೆ ಊರೇ ಅದನ್ನು ನಂಬಿತ್ತು.

ನಾನು ನಂಬಲಿಲ್ಲ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದುಡಿಯುತ್ತ, ಪೊಟ್ಟಣ ಕಟ್ಟಲು ತಂದ ರದ್ದಿ ಪುಸ್ತಕಗಳನ್ನು ಓದಿ ಕಲಿತವನು ನಾನು. ಅವು ಅರ್ಧಕ್ಕೇ ಹರಿದಿರುತ್ತಿದ್ದುದರಿಂದ ಉಳಿದರ್ಧವನ್ನು ನಾನೇ ಯೋಚಿಸಬೇಕಾಗುತ್ತಿತ್ತು. ಆ ಚಾಳಿ ಹೋಗಿಲ್ಲ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ. ದೋಣಿಯಲ್ಲಿ ಓಡಾಡುವ ಎಲ್ಲರೂ ಅದನ್ನು ಬಲ್ಲರು. ನಮ್ಮ ಇಂಟರ್‌ನೆಟ್ ಮಾತ್ರ ಯಾವಾಗಲೂ ಊಟದ ನಂತರ, ಚಹಾಕ್ಕೆ ಮುಂಚೆ ಹೋಗುತ್ತಿತ್ತು. ಇನ್ನೂ ವಿಚಿತ್ರವೆಂದರೆ ಭಾನುವಾರ ಹೋಗುತ್ತಲೇ ಇರಲಿಲ್ಲ.

"ಭಾನುವಾರ ಸಮುದ್ರಕ್ಕೆ ರಜೆಯೇನಮ್ಮ?" ಎಂದೆ ಸೊಸೆಗೆ.

"ಸಮುದ್ರಕ್ಕಾದ್ರೂ ಐತಲ್ರಿ ಮಾವಾರ. ಕೂಸು ಹುಟ್ಟಿದಾಗಿಂದ ನನಗ ರಜಾನ ಇಲ್ಲ."

ಆ ಶುಕ್ರವಾರದ ಮರುದಿನ, ಅವಳಿಗೆ ಆಫೀಸಿಲ್ಲದ ಶನಿವಾರ, ತಂತಿಯ ಬೆನ್ನು ಹಿಡಿದು ಮನೆಯಿಂದ ಹೊರಟೆ. ಕಂಬದಿಂದ ಕಂಬಕ್ಕೆ ಹಾದು ಅದು ಕಡಲ ದಾರಿಯ ಹೋಟೆಲೊಂದರ ಹಿಂಗೋಡೆಗೆ ಕೇಬಲ್‌ನವನು ಕೂರಿಸಿದ್ದ ಪೆಟ್ಟಿಗೆಯನ್ನು ಸೇರಿತ್ತು. ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ಹಿಂಬಾಗಿಲಲ್ಲೇ ನಿಂತು ಚಹಾ ಕೇಳಿದೆ.

"ಈಗ ಚಾ ಇಲ್ಲ ಮಾರಾಯ್ರೆ, ತೊಳೆಯುವ ಹೊತ್ತು," ಎನ್ನುತ್ತ ಅವರು ಮೈನ್ ಸ್ವಿಚ್ ಇಳಿಸಿದರು. ಒಳಗೆ ಬಕೆಟ್ಟುಗಳು ಸದ್ದುಮಾಡಿದವು. ಪೆಟ್ಟಿಗೆಯ ದೀಪ ಆರಿತು.

ನನಗೆ ನಗು ಬಂತು. ಊಟದ ಗಿರಾಕಿಗಳು ಹೋದ ಮೇಲೆ ಮೈನ್ ಇಳಿಸಿ, ಅಡುಗೆಮನೆಯ ಗೋಡೆಗೂ ನೆಲಕ್ಕೂ ನೀರು ಹೊಡೆದು ತೊಳೆಯುವುದು ನಮ್ಮ ಹೋಟೆಲುಗಳ ಪದ್ಧತಿ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಭಾನುವಾರ ಕಡಲು ನೋಡಲು ಬಂದವರ ಗದ್ದಲದಲ್ಲಿ ಅದಕ್ಕೆ ಬಿಡುವಿರುವುದಿಲ್ಲ. ಪೆಟ್ಟಿಗೆಗೆ ಕರೆಂಟು ಬರುತ್ತಿದ್ದದ್ದು ಅದೇ ಮೈನಿನಿಂದ. ಸೊಸೆಗೆ ಫೋನ್ ಮಾಡಿದೆ.

"ಹೋತ್ರಿ ಮಾವಾರ, ಈಗ ಹೋತು!"

ಮಾಲೀಕರಿಗೆ ಎಲ್ಲವನ್ನೂ ವಿವರಿಸಿದೆ. ಅವರು ಹುಬ್ಬೇರಿಸಿದರು. "ಮೈನ್ ಹಾಕಿಟ್ಟು ನೀರು ಹೊಡೀಲಿಕ್ಕೆ ಆಗ್ತದಾ? ಹುಡುಗರಿಗೆ ಶಾಕ್ ಹೊಡೆದ್ರೆ?"

"ಹಾಗೆ ತೊಳೆಯಿರಿ ಎಂದು ನಾನು ಹೇಳುವುದೂ ಇಲ್ಲ."

"ಹಾಗಾದ್ರೆ ಸೊಸೆಯ ಮೀಟಿಂಗ್ ಮುಗಿಯುವುದು ಯಾವಾಗ ಹೇಳಿ, ಆಮೇಲೆ ತೊಳೆದ್ರಾಯ್ತು. ಆದ್ರೆ ಆ ಕೇಬಲ್‌ನವನ ಹತ್ರ ಪೆಟ್ಟಿಗೆಗೆ ಬೇಗ ಒಂದು ಬ್ಯಾಟರಿ ಹಾಕಿಸಿ, ಆಯ್ತಾ?"

ಸೋಮವಾರ ಮಧ್ಯಾಹ್ನ ಆ ಹಿಂಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತೆ. ಕೆಲಸದವರು ಬಕೆಟ್ಟು ತುಂಬಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಕಡಲು ಅಂದು ನಿಜವಾಗಿಯೂ ಉಬ್ಬರದಲ್ಲಿತ್ತು. ಹಸಿರು ದೀಪ ಮಾತ್ರ ಆರಲಿಲ್ಲ. ಕೊನೆಗೆ ಫೋನ್ ಬಂತು.

"ಮುಗೀತ್ರಿ ಮಾವಾರ. ಒಮ್ಮಿನೂ ಹೋಗಲಿಲ್ಲ. ಹಿಂಗ ಇದ್ರ ಮನ್ಯಾಗಿಂದನ ಮಾಡು ಅಂದ್ರು ಸಾಹೇಬ್ರು."

ನಾನು ಒಳಗೆ ತಿರುಗಿ, "ಹೊಡೀರಿ ನೀರು," ಎಂದೆ.