ಬಸ್ಸು ನಡೆದ ಹೆಜ್ಜೆಗಳು

ಎರಡು ವರ್ಷದ ಹಿಂದಿನ ಮಾತು. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹೊಸಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿ ನನಗೆ ಏಳು ತಿಂಗಳಾಗಿತ್ತು. ಸಂಡೂರು ಗುಡ್ಡದ ಗಣಿಯೊಂದರಲ್ಲಿ ಅದಿರು ಸಾಗಿಸುವ ಡಂಪರ್ ಓಡಿಸುತ್ತಿದ್ದ, ಕಮಲಾಪುರದ ಮೂವತ್ತಾರು ವರ್ಷದವರೊಬ್ಬರು ಹೆಂಡತಿಯೊಂದಿಗೆ ಬಂದರು. ಅವರನ್ನು ಇಲ್ಲಿ ಹುಲುಗಪ್ಪ ಎಂದು, ಹೆಂಡತಿಯನ್ನು ಗಂಗಮ್ಮ ಎಂದು ಕರೆಯುತ್ತೇನೆ. ನಿಜವಾದ ಹೆಸರುಗಳು ಬೇರೆ.

ತುಂಬಿದ ಡಂಪರನ್ನು ಹಿಂದಕ್ಕೆ ತೆಗೆಯುವಾಗ ಹುಲುಗಪ್ಪನವರ ಕಣ್ಣು ಮೊಬೈಲಿನ ಮೇಲಿತ್ತು. ಇಳಿಜಾರಿನ ಅಂಚಿಗೆ ಹಾಕಿದ್ದ ಮಣ್ಣಿನ ದಿಬ್ಬ ಚಕ್ರವನ್ನು ತಡೆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಂಪನಿಯವರು ಅವರನ್ನು ಡಂಪರಿನಿಂದ ಇಳಿಸಿ ಟೈರ್ ಯಾರ್ಡಿನ ಕೆಲಸಕ್ಕೆ ಹಾಕಿದರು. ಮೂರು ತಿಂಗಳ ಗಡುವು. ಅಷ್ಟರಲ್ಲಿ ಮೊಬೈಲಿನ ಚಟ ಹತೋಟಿಗೆ ಬಂದಿದೆ ಎಂದು ನಾನು ಬರೆದುಕೊಡಬೇಕು, ಇಲ್ಲದಿದ್ದರೆ ಕೆಲಸವಿಲ್ಲ. ಸ್ಕ್ರೀನ್ ಟೈಮ್, ಅಂದರೆ ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಿದರೆಂದು ಫೋನೇ ಇಡುವ ಲೆಕ್ಕ, ಒಂಬತ್ತು ಗಂಟೆ ತೋರಿಸುತ್ತಿತ್ತು.

“ಬ್ಯಾಡಂತ ಕೆಳಗ ಇಡ್ತೀನ್ರಿ ಮೇಡಂ. ಕೈ ತಾನ ಹೋಗಿ ತಗೊಂಡ್ ಬರ್ತದ,” ಎಂದರು ಹುಲುಗಪ್ಪ.

ದೇಹ ದುಡಿದರೆ ಈ ಸೆಳೆತ ಸಡಿಲವಾಗುತ್ತದೆಂದು ಓದಿದ್ದೆ. ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆಯಲು ಹೇಳಿ, ಹೆಜ್ಜೆ ಎಣಿಸುವ ಆಪ್ ಒಂದನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟೆ.

ಎರಡು ವಾರದ ನಂತರ ಬಂದಾಗ ದಿನಕ್ಕೆ ಹದಿನಾಲ್ಕು, ಹದಿನಾರು ಸಾವಿರ! ಫೈಲಿನಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆಯುತ್ತಿದ್ದೆ. ಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ಇವ್ರೆಲ್ಲಿ ನಡದಾರ್ರಿ ಮೇಡಂ? ಹಾಲಿನ ಪಾಕೀಟಿಗೂ ನಾನ ಹೋಗ್ಬೇಕು. ನಡದದ್ದು ಬಸ್ಸು!”

ಅದಿರು ಲಾರಿಗಳು ಕಿತ್ತು ಹಾಕಿದ ಗಣಿ ರಸ್ತೆಯಲ್ಲಿ ಕಂಪನಿ ಬಸ್ಸು ಕುಲುಕಿದಾಗಲೆಲ್ಲ, ಅಂಗಿಯ ಜೇಬಿನಲ್ಲಿದ್ದ ಫೋನು ಒಂದೊಂದು ಹೆಜ್ಜೆ ಬರೆದುಕೊಂಡಿತ್ತು.

“ಸುಳ್ಳ್ ಹೇಳಿಲ್ರಿ. ಅದು ಮಸ್ತ್ ತೋರಿಸ್ತಿತ್ತು, ನಾ ಸುಮ್ನಾದೆ,” ಎಂದರು ಹುಲುಗಪ್ಪ.

ಸ್ಕ್ರೀನ್ ಟೈಮ್ ಹತ್ತು ಗಂಟೆಗೆ ಏರಿತ್ತು. ಹೆಜ್ಜೆ ಎಷ್ಟಾಯಿತೆಂದು ಗಳಿಗೆಗೊಮ್ಮೆ ನೋಡುತ್ತಿದ್ದರು. ಫೋನಿನ ಚಟಕ್ಕೆ ಫೋನಿನೊಳಗೇ ಮದ್ದು ಇಟ್ಟ ತಪ್ಪು ನನ್ನದು. ಬರೆದದ್ದನ್ನು ಹೊಡೆದು ಹಾಕಿದೆ.

ಅವರು ತಲೆ ತಗ್ಗಿಸಿದಾಗ ಎಡಗಿವಿ ಕಾಣಿಸಿತು. ಮಡಚಿ ಗಂಟುಗಟ್ಟಿತ್ತು. ಏನಾಯಿತೆಂದು ಕೇಳಿದೆ.

“ಕುಸ್ತಿ ಹಿಡೀತಿದ್ದೆ. ಮದುವ್ಯಾದ ಮ್ಯಾಲ ಬಿಟ್ಟೆ.”

ಆಮೇಲೆ ಇಪ್ಪತ್ತು ನಿಮಿಷ ಪಟ್ಟು, ವರಸೆಗಳ ಮಾತು. ಒಮ್ಮೆಯೂ ಕೈ ಜೇಬಿಗೆ ಹೋಗಲಿಲ್ಲ. ನಾನು ಗಡಿಯಾರ ನೋಡಿಕೊಂಡು, ಮತ್ತೆ ಗರಡಿಗೆ ಹೋಗುತ್ತೀರಾ ಎಂದು ಕೇಳಿದೆ.

ಆ ವಾರವೇ ಒಂದು ಸಂಜೆ ಅವರ ಹಳೆಯ ಗರಡಿ ಮನೆಗೆ ಹೋದೆವು. ಗಂಗಮ್ಮನೂ ನಾನೂ ಹೊರಗೇ ನಿಂತೆವು. ಎಪ್ಪತ್ತು ದಾಟಿದ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಹುಲುಗಪ್ಪನವರನ್ನು ಮೇಲಿಂದ ಕೆಳಗೆ ನೋಡಿದರು.

“ಲೇ ಹುಲುಗ್ಯಾ, ದಾರಿ ನೆನಪೈತೇನಲೇ? ಸಲಿಕಿ ತಗಾ.”

ಬಿಟ್ಟು ಹೋದವನು ಮರಳಿ ಬಂದರೆ, ಒಂದು ವಾರ ಒಬ್ಬನೇ ಅಖಾಡದ ಕೆಮ್ಮಣ್ಣು ಅಗೆದು ಹದ ಮಾಡಬೇಕು. ಅಲ್ಲಿಯವರೆಗೆ ಯಾರ ಮೈಯನ್ನೂ ಮುಟ್ಟುವಂತಿಲ್ಲ. ಅದು ಅಲ್ಲಿನ ಕಟ್ಟಳೆ. ಫೋನು ಚಪ್ಪಲಿಯ ಜೊತೆ ಹೊರಗಿನ ಕಟ್ಟೆಯ ಮೇಲೆ. ಮೊದಲ ದಿನ ಹುಲುಗಪ್ಪ ಮೂರು ಸಲ ಹೊರಗೆ ಓಡಿ ಬಂದರು. ಎಣ್ಣೆ, ಮಣ್ಣು ಮೆತ್ತಿದ ಹೆಬ್ಬೆರಳನ್ನು ಎಷ್ಟು ಒತ್ತಿದರೂ ಫೋನು ತೆರೆಯಲಿಲ್ಲ.

“ಅದಕ್ಕೂ ನಿನ್ನ ಗುರ್ತು ಸಿಗವಲ್ದು, ಬಾ ಒಳಗ,” ಎಂದರು ವಸ್ತಾದರು. ಗಂಗಮ್ಮ ಜೋರಾಗಿ ನಕ್ಕರು.

ನಾಲ್ಕನೇ ವಾರಕ್ಕೆ ಸ್ಕ್ರೀನ್ ಟೈಮ್ ಆರು ಗಂಟೆ. ಎಂಟನೇ ವಾರಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಂಕಿ ಒಮ್ಮೆ ಮೋಸ ಮಾಡಿದ್ದರಿಂದ, ವರದಿ ಬರೆಯುವ ಮೊದಲು ಹೇಳದೆ ಕೇಳದೆ ಗರಡಿಗೆ ಹೋದೆ. ಹುಲುಗಪ್ಪ ಇಬ್ಬರು ಯುವಕರಿಗೆ ಪಟ್ಟು ಹೇಳಿಕೊಡುತ್ತಿದ್ದರು. ನಾನು ಬಂದದ್ದೇ ಅವರಿಗೆ ತಿಳಿಯಲಿಲ್ಲ.

“ಒಂದಿನಾ ತಪ್ಪಿಸಿಲ್ರಿ. ಬರದಿದ್ರ ಹುಡುಗ್ರು ಮನೀಗೇ ಹೋಗಿ ಎಳಕೊಂಡ್ ಬರ್ತಾರ,” ಎಂದರು ವಸ್ತಾದರು.

ಒಂದು ಪುಟದ ವರದಿ ಕೊಟ್ಟೆ. ಒಂದು ವಾರ ಗಣಿಯ ಸೂಪರ್‌ವೈಸರ್ ಪಕ್ಕದಲ್ಲಿ ಕೂತು ಪರೀಕ್ಷಿಸಿದರು. ನಂತರ ಡಂಪರ್ ಮತ್ತೆ ಹುಲುಗಪ್ಪನವರದಾಯಿತು. ಆ ದಿನ ಗಂಗಮ್ಮ ಒಬ್ಬರೇ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು.

“ಅವ್ರು ನಿಮಗ ಫೋನ್ ಮಾಡ್ತಿದ್ರು ಮೇಡಂ. ಆದ್ರ ಫೋನು ಮನ್ಯಾಗ ಬಿಟ್ಟು ಹೋಗ್ಯಾರ!”

ಈಗಲೂ ವ್ಯಾಯಾಮ ಹೇಳುವ ಮುಂಚೆ ನಾನು ಹೆಜ್ಜೆಗಳ ಲೆಕ್ಕಕ್ಕೆ ಹೋಗುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತೇನೆ: ಆ ವ್ಯಾಯಾಮದ ಹೊತ್ತಿನಲ್ಲಿ ನಿಮ್ಮ ಕೈಗಳು ಏನು ಮಾಡುತ್ತಿರುತ್ತವೆ? ಒಂದು ದಿನ ಹೋಗದಿದ್ದರೆ ಹುಡುಕಿಕೊಂಡು ಬರುವವರು ಯಾರು?