ಅಕ್ಷತಾಳ ಅರ್ಜಿ, ನನ್ನ ಇಂಗ್ಲಿಷ್

"ರಜಾ ಅರ್ಜಿ ಆಮೇಲೆ ನೋಡುವಾ, ಮೊದಲು ನಿನ್ನ ಎಸ್‌ಒಪಿ ತೋರಿಸು" ಎಂದೆ.

"ಅದೇ ಅಕ್ಕೋರೇ ಎಸ್‌ಒಪಿ" ಎಂದಳು ಅಕ್ಷತಾ.

ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಅರ್ಧ ಪುಟವೂ ಇಲ್ಲ. 'ನನ್ನ ಊರು ಕೇಣಿ. ಅಪ್ಪ ಮೀನು ಹಿಡಿಯುತ್ತಾರೆ, ಅಮ್ಮ ಅಂಕೋಲಾ ಪೇಟೆಯಲ್ಲಿ ಮಾರುತ್ತಾರೆ. ಮೊದಲು ಸಿಗುತ್ತಿದ್ದ ಕೆಲವು ಮೀನುಗಳು ಈಗ ಸಿಗುವುದಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಅದನ್ನು ಕಲಿಸುತ್ತಾರೆಂದು ವೆಬ್‌ಸೈಟಿನಲ್ಲಿ ನೋಡಿದೆ. ಕಲಿಸಿದರೆ ಕಲಿಯುತ್ತೇನೆ.' ಕೊನೆಗೊಂದು ಥ್ಯಾಂಕ್ ಯೂ. ಎಲ್ಲ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ. (ಆ ಇಂಗ್ಲಿಷ್ ಕಲಿಸಿದ್ದು ನಾನು. ಅಷ್ಟಾದರೂ ಹೇಳಿಕೊಳ್ಳಲು ಬಿಡಿ.)

ಎಸ್‌ಒಪಿ ಎಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಹೊರದೇಶದ ಯೂನಿವರ್ಸಿಟಿಗೆ ಹೋಗಬೇಕಾದವರು ನಾನ್ಯಾರು, ಯಾಕೆ ಬರುತ್ತೇನೆ, ಬಂದು ಏನು ಕಡಿದು ಕಟ್ಟೆ ಹಾಕುತ್ತೇನೆ ಎಂದು ಸಾವಿರ ಪದಗಳಲ್ಲಿ ಬರೆಯಬೇಕು. ಮಾರ್ಕ್ಸ್‌ಕಾರ್ಡ್ ನೋಡಿ ಸೀಟು ಕೊಟ್ಟರೆ ಇವರ ಗಂಟೇನು ಹೋಗುತ್ತದೆ? ನನಗಂತೂ ತಿಳಿಯದು.

ಅಕ್ಷತಾ ಕಾರವಾರದಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ಬಿಎಸ್‌ಸಿ ಮುಗಿಸಿದವಳು. ಸಮುದ್ರದ ಜೀವಿಗಳ ಬಗ್ಗೆ ಎಂಎಸ್‌ಸಿ ಮಾಡಬೇಕೆಂಬುದು ಅವಳ ಆಸೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಕಾರವಾರದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರುವುದು. ನಡುವೆ ಮೂರನೆಯ ದಾರಿ ಇಲ್ಲ. ಎರಡು ಯೂನಿವರ್ಸಿಟಿ ಆರಿಸಿಕೊಂಡಿದ್ದಳು, ಒಂದು ನಾರ್ವೆಯದು, ಇನ್ನೊಂದು ಸ್ಕಾಟ್ಲೆಂಡಿನದು. ನಾರ್ವೆಗೆ ಈ ಅರ್ಧ ಪುಟವನ್ನು ಆಗಲೇ ಕಳಿಸಿಬಿಟ್ಟಿದ್ದಳು, ನನ್ನನ್ನು ಒಂದು ಮಾತು ಕೇಳದೆ!

"ಅಲ್ಲ ಮಾರಾಯ್ತಿ, ನಿನ್ನ ಬಗ್ಗೆ ಹೇಳಿಕೊಳ್ಳಲು ನಿನಗೆ ಏನಾಗಿದೆ? ಮಾತಾಡಿದರೆ ಮುತ್ತು ಉದುರುತ್ತದಾ?"

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಸುಶೀಲಾ ಪೇಟೆಯಿಂದ ನೇರವಾಗಿ ಬಂದವಳು, ಖಾಲಿ ಬುಟ್ಟಿಯನ್ನು ಅಂಗಳದಲ್ಲಿಟ್ಟು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನೆಷ್ಟು ಕರೆದರೂ ಮೀನಿನ ನೀರು ಬಿದ್ದೀತು ಎಂದು ಒಳಗೆ ಬರುವುದಿಲ್ಲ.

"ಅಕ್ಕೋರೇ, ಅವ್ಳಿಗೆ ಬಯ್ಬೇಡಿ. ನಮ್ಮಲ್ಲಿ ಬಲೆಗೆ ಹೋಗೂ ಮುಂದೆ ಇಷ್ಟು ತರ್ತೆ, ಅಷ್ಟು ತರ್ತೆ ಅಂದೇಳಿ ಬಾಯಿ ಬಿಡೂಕಿಲ್ಲ. ಹಂಗೆ ಹೇಳ್ಕಂಡು ಹೋದವ್ರು ಬರೀ ಕೈಲಿ ಬರೂದು."

"ಇದು ಬಲೆ ಅಲ್ಲ ಸುಶೀಲಾ, ಯೂನಿವರ್ಸಿಟಿ."

"ಎಂತದೇ ಆಗ್ಲಿ. ಹೋಗೂದು ನೀರು ದಾಟ್ಕಂಡೇ ಅಲ್ದಾ?"

ನಾನು ಶಾಲಾ ಮಾಸ್ತರರ ಮಗಳು. ನಮ್ಮ ಮನೆಯಲ್ಲಿ ರಿಸಲ್ಟ್ ಬರುವ ಮೊದಲೇ ಬೀದಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಇವರಲ್ಲಿ ದೋಣಿ ತುಂಬಿ ಬಂದಿರುತ್ತದೆ, ದಡದಲ್ಲಿ ಯಾರಾದರೂ ಏನು ಬಿತ್ತೆಂದು ಕೇಳಿದರೆ 'ಎಂತ ಇಲ್ಲ, ಒಂಚೂರು' ಎನ್ನುತ್ತಾರೆ. ಅಂಥ ಮನೆಯ ಹುಡುಗಿಗೆ 'ನೀನು ಜಗತ್ತನ್ನು ಹೇಗೆ ಬದಲಿಸುತ್ತೀ, ವಿವರಿಸು' ಎಂದು ಕೇಳಿದರೆ ಅವಳು ಬೆವರದೆ ಇನ್ನೇನು ಮಾಡಿಯಾಳು?

ಆದರೂ ಸ್ಕಾಟ್ಲೆಂಡಿಗೆ ನಾನೇ ಬರೆಯುತ್ತೇನೆಂದು ಲ್ಯಾಪ್‌ಟಾಪ್ ತೆಗೆದೆ. ನಾನು ಕೇಳುವುದು, ಅವಳು ಹೇಳುವುದು, ನಾನು ಟೈಪ್ ಮಾಡುವುದು. ಪಕ್ಕದ ಮನೆಯ ಮಕ್ಕಳಿಗೆ ಸಂಜೆ ಹೊತ್ತು ಮಗ್ಗಿ ಹೇಳಿಕೊಟ್ಟಿದ್ದಳಂತೆ. ಅದು 'ಸಮುದಾಯ ಶಿಕ್ಷಣ ಯೋಜನೆಯ ಸ್ಥಾಪಕಿ' ಆಯಿತು. ಬೆಳಂಬಾರದ ದಂಡೆಯಲ್ಲಿ ಹರಿದ ಪ್ಲಾಸ್ಟಿಕ್ ಬಲೆಯನ್ನು ನೀರಿಗೆ ಎಸೆಯಬೇಡಿ ಎಂದು ಸೋದರತ್ತೆಯ ಮನೆಯವರ ಹತ್ತಿರ ಜಗಳ ಮಾಡಿದ್ದಳಂತೆ. ಅದು 'ಕರಾವಳಿ ರಕ್ಷಣಾ ಅಭಿಯಾನದ ನಾಯಕತ್ವ' ಆಯಿತು. ಇಂಗ್ಲಿಷಿನಲ್ಲಿ ಓದಿದರೆ ನನಗೇ ರೋಮಾಂಚನ! 'ಬಾಲ್ಯದಿಂದಲೂ ಕಡಲು ನನ್ನನ್ನು ಕರೆಯುತ್ತಿತ್ತು' ಎಂದು ಶುರು ಮಾಡಿದ್ದೆ.

"ಕಡಲು ಕರೀಲಿಲ್ಲ ಅಕ್ಕೋರೇ, ದೋಣಿ ಎಳೂಕೆ ಅಪ್ಪ ಕರೀತಿದ್ದ."

"ಸುಮ್ನಿರೇ. ಇದರಲ್ಲಿ ಸುಳ್ಳು ಯಾವುದು ತೋರಿಸು?"

ಅವಳು ಮೊದಲಿಂದ ಕೊನೆಯವರೆಗೆ ಓದಿದಳು. "ಸುಳ್ಳಲ್ಲ. ಆದ್ರೆ ಇದು ನಾನೂ ಅಲ್ಲ" ಎಂದಳು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದಳೇ ಹೊರತು ಕಳಿಸಲಿಲ್ಲ. ನನಗೆ ಸಿಟ್ಟು ಬಂತು. ಭಾನುವಾರವಿಡೀ ಕುಳಿತು ಬರೆದದ್ದು ನಾನು, ಮುಖ ಊದಿಸಿಕೊಂಡು ಹೋಗುವುದು ಇವಳೇ? ಇವಳದೊಂದು ಹಟ ಎಂದು ಬೈದುಕೊಂಡೆ.

ಅಷ್ಟರಲ್ಲಿ ನಾರ್ವೆಯವರ ಉತ್ತರ ಬಂತು. 'ವಿಷಾದಿಸುತ್ತೇವೆ' ಎಂದು ಶುರುವಾಗುವ ಆ ಮೇಲ್ ನಿಮಗೆ ಗೊತ್ತಿರಬಹುದು. ಅಕ್ಷತಾ ಫೋನ್ ಮಾಡಿ ಅತ್ತಳು. ಆಮೇಲೆ "ನೀವು ಬರ್ದದ್ದೇ ಕಳಿಸ್ತೆ" ಎಂದು ಫೋನ್ ಇಟ್ಟಳು.

ಇನ್ನು ಕೇಳಿ. ಹೋದ ವಾರ ಸ್ಕಾಟ್ಲೆಂಡಿನಿಂದ ಮೇಲ್ ಬಂತು. ಸೀಟು ಸಿಕ್ಕಿದೆ. ಪೂರ್ತಿ ಸ್ಕಾಲರ್‌ಶಿಪ್ ಕೂಡ! ನಾನು ಸ್ಟಾಫ್ ರೂಮಿನಲ್ಲೇ ಕೂಗಿದೆ. ಸುಶೀಲಾ ಮಾರನೆಯ ದಿನ ಒಂದು ದೊಡ್ಡ ಇಸವಣ ಮೀನು ತಂದು, ದುಡ್ಡು ಕೊಡಹೋದರೆ ನನಗೇ ಗದರಿದಳು. ಅವತ್ತೊಂದು ದಿನ ಕರೆದ ಕೂಡಲೇ ಒಳಗೆ ಬಂದು ಕುರ್ಚಿಯಲ್ಲಿ ಕುಳಿತಳು.

"ಊರಲ್ಲಿ ಯಾರಿಗಾದರೂ ಹೇಳಿದೆಯಾ?"

"ಅವ್ಳು ಅಲ್ಲಿ ಮುಟ್ಲಿ. ಆಮೇಲೆ ನಾನೇ ಕೂಗಿ ಹೇಳ್ತೆ" ಎಂದು ಕಣ್ಣೊರೆಸಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಈ ಅಂಕಣವನ್ನು ನನ್ನ ಬೆನ್ನು ನಾನೇ ತಟ್ಟಿಕೊಂಡು ಮುಗಿಸುತ್ತಿದ್ದೆ. ಆದರೆ ಮೊನ್ನೆ ಅಕ್ಷತಾ ಒಬ್ಬಳೇ ಬಂದಳು. ಸ್ಕಾಟ್ಲೆಂಡಿನವರಿಂದ ಇನ್ನೊಂದು ಮೇಲ್ ಬಂದಿದೆ. ಅವಳನ್ನು ಆರಿಸಲು ಅವಳ 'ಅಸಾಧಾರಣ ನಾಯಕತ್ವ'ವೇ ಮುಖ್ಯ ಕಾರಣವಂತೆ. ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಸಭೆಯಲ್ಲಿ ತನ್ನ ಅಭಿಯಾನದ ಬಗ್ಗೆ ಅವಳು ಭಾಷಣ ಮಾಡಬೇಕಂತೆ. ಸಾಧ್ಯವಾದರೆ ಫೋಟೊಗಳ ಜೊತೆ.

ಯಾವ ಅಭಿಯಾನ? ಯಾವ ಫೋಟೊ? ಬೆಳಂಬಾರದ ಅತ್ತೆಯ ಮನೆಯವರ ಜೊತೆ ಜಗಳ ಮಾಡುವಾಗ ಯಾರಾದರೂ ಫೋಟೊ ಹೊಡೆದುಕೊಳ್ಳುತ್ತಾರೆಯೇ?

ಎಲ್ಲರೂ ಹೀಗೇ ಬರೆಯುತ್ತಾರೆ, ಅಲ್ಲಿಯವರಿಗೂ ಅದು ಗೊತ್ತಿರುತ್ತದೆ, ತಲೆ ಕೆಡಿಸಿಕೊಳ್ಳಬೇಡ ಎಂದೆ. ಹೇಳಿದ ಮೇಲೆ ನನಗೇ ಅನುಮಾನ. ಗೊತ್ತಿದ್ದರೆ ಫೋಟೊ ಯಾಕೆ ಕೇಳುತ್ತಾರೆ? ಉಳಿದವರೆಲ್ಲ ಉಬ್ಬಿಸಿ ಬರೆಯುವಾಗ ಇವಳೊಬ್ಬಳು ಇದ್ದದ್ದನ್ನು ಬರೆದರೆ ನಾರ್ವೆಯ ಗತಿಯೇ ಅಲ್ಲವೇ? ಅಥವಾ ನಾರ್ವೆಯವರು ಬೇರೆ ಏನೋ ಕಾರಣಕ್ಕೆ ಬೇಡವೆಂದರೇ? ಕಾರಣ ಅವರು ಬರೆದಿಲ್ಲ. ಈಗ ನಿಜ ಬರೆದು ತಿಳಿಸೋಣವೆಂದರೆ ಸೀಟು ಹೋದರೆ ಯಾರು ಹೊಣೆ? ಸುಮ್ಮನಿದ್ದರೆ ಆ ಸ್ಟೇಜಿನ ಮೇಲೆ ನಿಲ್ಲಬೇಕಾದವಳು ಅವಳು, ನಾನಲ್ಲ.

ಸೀಟು ಬೇಕೋ ಬೇಡವೋ ಎಂದು ಶುಕ್ರವಾರದೊಳಗೆ ತಿಳಿಸಬೇಕು. ಅಕ್ಷತಾ ಲ್ಯಾಪ್‌ಟಾಪಿನ ಮುಂದೆ ಕುಳಿತಳು. 'ಎಕ್ಸೆಪ್ಟ್' ಎಂಬ ಹಸಿರು ಬಟನ್ನಿನ ಮೇಲೆ ಮೌಸಿನ ಬಾಣ ತಂದು ನಿಲ್ಲಿಸಿ, ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದಳು:

"ಅಕ್ಕೋರೇ, ಈ ಸೀಟು ಸಿಕ್ಕದ್ದು ನಂಗೇ ಹೌದಾ?"